ಕಾಫಿ ಬರುವ ತನಕ ಕೂಸು ಇಲ್ಲೇ

ಕಾಫಿ ಕುಡಿದರೆ ನಿದ್ದೆ ಹಾರಿಹೋಗುತ್ತದೆ ಎಂದು ಹೇಳಿದವರು ಯಾರು? ನಾನು ಮಾಡಿದ ಕಾಫಿ ಕುಡಿದು ನಮ್ಮ ಬೀಗಿತ್ತಿ ರತ್ನಮ್ಮನವರು ಮಧ್ಯಾಹ್ನ ಗೋಡೆಗೆ ಒರಗಿದವರು, ಕಣ್ಣು ಬಿಟ್ಟದ್ದು ದೀಪ ಹಚ್ಚುವ ಹೊತ್ತಿಗೆ. ಹಾಸನದಿಂದ ಪುಣೆಗೆ ಬಂದಿಳಿದ ಮೊದಲ ದಿನ. ನಮ್ಮ ಮನೆಯಲ್ಲಿ ಅವರು ಕುಡಿದ ಮೊದಲ ಲೋಟ.

ಎದ್ದವರು ಮುಖ ಕೂಡ ತೊಳೆಯಲಿಲ್ಲ. "ಶಾಂತಮ್ಮನವರೇ, ಅದಕ್ಕೆ ಏನು ಹಾಕಿದ್ರಿ?" ಎಂದರು.

"ಏನಿಲ್ರಿ. ಪುಡಿ, ಸಕ್ಕರಿ, ಹಾಲು. ಮ್ಯಾಲ ಒಂಚೂರು ಜಾಯಫಳ."

"ಜಾಯಫಳ ಅಂದ್ರೆ?"

"ಜಾಯಿಕಾಯಿ, ಅತ್ತೆ" ಎಂದು ಸುನಂದಾ ಒಳಗಿನಿಂದ ಹೇಳಿದಳು. (ಸುನಂದಾ ನನ್ನ ಮಗಳು, ಅವರ ಸೊಸೆ. ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ.)

ರತ್ನಮ್ಮನವರು ನನ್ನ ಕಡೆ ತಿರುಗಿದರು. "ನಮ್ಮಲ್ಲಿ ಜಾಯಿಕಾಯೀನ ಮಗು ಮಲಗಲಿ ಅಂತ ತೇಯ್ದು ನೆಕ್ಕಿಸ್ತಾರೆ."

"ನಮ್ಮಲ್ಲೂ ಅಷ್ಟರಿ."

"ಮತ್ತೆ ನನಗ್ಯಾಕೆ ಕೊಟ್ರಿ?"

ಪುಣೆಯವರಿಗಾದರೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ದಿನಕ್ಕೆ ಚಹಾ, ದೊಡ್ಡವರು ಬಂದರೆ ಕಾಫಿ. ಕಾಫಿ ಎಂದರೆ ಹಾಲಿಗೆ ಪುಡಿ, ಸಕ್ಕರೆ ಸುರಿದು ಪಾಯಸದ ಹಾಗೆ ಕುದಿಸುವುದು. ಮೇಲೆ ಜಾಯಿಕಾಯಿ ತುರಿದು ಹಾಕಿದರೆ ಮರ್ಯಾದೆ ಮಾಡಿದಂತೆ. ಎದುರುಮನೆಯ ಮರಾಠಿಯವರು ಮಾಲತಿ ವಹಿನಿ, ಅಂದರೆ ಅತ್ತಿಗೆ, ಕಲಿಸಿದ್ದು. ಬೀಗರಿಗೆ ಮರ್ಯಾದೆ ಹೆಚ್ಚೇ ಬೇಕಲ್ಲ ಎಂದು ನಾನು ಅರ್ಧ ಕಾಯಿ ತುರಿದಿದ್ದೆ.

ಕಳೆದ ವಾರ ಅಂಕಣ ಯಾಕೆ ಬರಲಿಲ್ಲ ಎಂದು ಕೆಲವರು ಕೇಳಿದಿರಿ. ಕಾರಣ ಇದೇ ಕಾಫಿ. ಅದಕ್ಕಿಂತ ದೊಡ್ಡ ಕಾರಣ, ನಾನು ಅಜ್ಜಿ ಆಗಿದ್ದೇನೆ. (ಗೊತ್ತು, ಗೊತ್ತು. ಇದನ್ನು ಆಗಲೇ ಹಲವು ವಾರ ಬರೆದಿದ್ದೇನೆ. ಮತ್ತೇನು ಬರೆಯಲಿ? ಪೇಟೆಯಲ್ಲಿ ಇದಕ್ಕಿಂತ ಹೊಸ ಸುದ್ದಿ ಯಾವುದಿದೆ?) ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟು ಪಾಟಿ ಕೆಳಗಿಟ್ಟವಳು ನಾನು. "ಮಾತಾಡಿದ ಹಾಗೇ ಬರೀರಿ, ಶಾಂತಮ್ಮನವರೇ" ಎಂದು ಸಂಪಾದಕರು ಹೇಳಿದ್ದಕ್ಕೆ ಬರೆಯಲು ಹಿಡಿದೆ. ಈಗ ಮಾತಾಡುವುದೆಲ್ಲ ಕೂಸಿನ ಬಗ್ಗೆಯೇ ಆದರೆ ಬರೆಯುವುದು ಬೇರೆ ಹೇಗೆ ಆಗುತ್ತದೆ?

ಅವನ ಕಿವಿ ನೋಡಬೇಕು ನೀವು. ಆಗತಾನೆ ಅರಳಿದ ಹೂವಿನ ಎಸಳು. ಆಕಳಿಸಿದರೆ ಬಾಯಿಯೇ ಅವನಿಗಿಂತ ದೊಡ್ಡದು. ಮೊದಲ ಸಲ ಅವನು ಸೀನಿದಾಗ ನಾನು ಮಾಲತಿ ವಹಿನಿಯನ್ನು ಕರೆದು ತೋರಿಸಿದೆ. ಆಕೆ ಬರುವುದರೊಳಗೆ ಸೀನು ಮುಗಿದಿತ್ತು. ಆದರೂ ಹೇಗೆ ಸೀನಿದ ಎಂದು ನಾನೇ ಸೀನಿ ತೋರಿಸಿದೆ. ನಮ್ಮ ಯಜಮಾನರು ದೇಹೂ ರೋಡಿನ ನೌಕರಿಯಿಂದ ನಿವೃತ್ತರಾಗಿ ಮನೆಯಲ್ಲೇ ಇದ್ದಾರೆ. "ಇಕಿಗೆ ಹುಚ್ಚ ಹಿಡದದ" ಎಂಬ ಅರ್ಥದಲ್ಲಿ ವಹಿನಿಗೆ ಮರಾಠಿಯಲ್ಲಿ ಸಮಾಧಾನ ಹೇಳಿ ಕಳಿಸಿದರು.

ಈಗ ಸಂಕಟದ ವಿಷಯಕ್ಕೆ ಬರುತ್ತೇನೆ.

ಪುಣೆಯಲ್ಲಿದ್ದರೂ ನಾವು ಮೂಲ ಬಾಗಲಕೋಟೆ ಕಡೆಯವರು, ಅವರು ಹಾಸನದ ಕಡೆಯವರು. ಮಾತು ಬೇರೆ, ಊಟ ಬೇರೆ. ಒಂದು ಪದ್ಧತಿ ಮಾತ್ರ ಎರಡೂ ಮನೆಯಲ್ಲಿ ಒಂದೇ. ಬಾಣಂತಿ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೋಗುವುದು ಮೂರನೆಯ ತಿಂಗಳಲ್ಲಿ, ಇಲ್ಲವೇ ಐದನೆಯದರಲ್ಲಿ. ನಾಲ್ಕರಲ್ಲಿ ಕಳಿಸುವಂತಿಲ್ಲ. ರತ್ನಮ್ಮನವರು ಬಂದದ್ದು ಮೂರನೆಯ ತಿಂಗಳು ಹಿಡಿದ ಕೂಡಲೇ. ಕರೆದುಕೊಂಡು ಹೋಗಲಿಕ್ಕೆ ಬಂದದ್ದು.

ಅಂದರೆ ಏನಾಯಿತು? ಈ ತಿಂಗಳು ಮುಗಿಯುವುದರೊಳಗೆ ಅವರು ಹೊರಟರೆ ಕೂಸು ಹೋಯಿತು. ಹೊರಡದೆ ತಿಂಗಳು ದಾಟಿತೋ, ನಾಲ್ಕನೆಯ ತಿಂಗಳು ಪೂರ್ತಿ ನನ್ನದು. ಲೆಕ್ಕದಲ್ಲಿ ನಾನು ಯಾವತ್ತೂ ದಡ್ಡಿ. ಈ ಲೆಕ್ಕ ಮಾತ್ರ ಯಾರೂ ಕಲಿಸದೆ ಬಂತು.

ಮರುದಿನ ರತ್ನಮ್ಮನವರು ಬ್ಯಾಗು ಬಿಚ್ಚಿದರು. ಮೇಲೆ ಕೂಸಿಗೆ ಕುಲಾವಿ, ಸ್ವೆಟರು. ಕೆಳಗೆ ಬಟ್ಟೆಯ ಗಂಟುಗಳು. ಗಂಟಿನಲ್ಲಿ ಹಸಿರು ಹಸಿರು ಬೀಜ. ಕಾಫಿಬೀಜವಂತೆ. ಕಾಫಿ ಡಬ್ಬಿಯಲ್ಲಿ ಪುಡಿಯಾಗಿಯೇ ಹುಟ್ಟುತ್ತದೆ ಎಂದು ತಿಳಿದಿದ್ದ ನಾನು ಒಂದನ್ನು ಕಚ್ಚಿ ನೋಡಿದೆ. ಹಲ್ಲು ಉಳಿದದ್ದು ಪುಣ್ಯ.

"ಇದು ಪೀಬೆರಿ. ನೋಡಿ, ಬಟಾಣಿ ಥರ ಗುಂಡಗಿದೆ. ಇದು ಅರೇಬಿಕಾ, ಘಮ ಜಾಸ್ತಿ. ಇದು ರೋಬಸ್ಟಾ, ಒರಟು. ಒಂದೊಂದಕ್ಕೆ ಒಂದೊಂದು ಬುದ್ಧಿ. ಒಂದನ್ನ ಮಾಡೋ ಹಾಗೆ ಇನ್ನೊಂದನ್ನ ಮಾಡಿದ್ರೆ ಮಾತು ಕೇಳಲ್ಲ."

"ಕೂಸುಗಳ ಗತೆ ಅನ್ರಿ."

"ಹೂಂ, ಹಾಗೇ." ಆಮೇಲೆ ಸುನಂದಾಳ ಕಡೆ ತಿರುಗಿದರು. "ನಮ್ಮನೇಲಿ ಬೆಳಿಗ್ಗೆ ಎದ್ದ ತಕ್ಷಣ ಕಾಫಿ ಆಗಬೇಕು. ಇವಳು ಮಾಡಿದ ಕಾಫೀನ ಇವಳ ಮಾವ ಪಾಪ ಏನೂ ಅನ್ನಲ್ಲ. ಕಿಟಕಿ ಹತ್ರ ಹೋಗಿ ಗುಲಾಬಿ ಗಿಡಕ್ಕೆ ಹಾಕ್ತಾರೆ. ಗಿಡ ಒಣಗಿ ಹೋಯ್ತು."

ಸುನಂದಾ ತಲೆ ತಗ್ಗಿಸಿದಳು. ನಾನೂ ತಗ್ಗಿಸಿದೆ. ಚಹಾ ಕುಡಿಸಿ ಬೆಳೆಸಿದವಳು ನಾನೇ ತಾನೆ?

"ಅಲ್ಲಿಗೆ ಬಂದ ಮೇಲೆ ಮಗು, ಮನೆ, ನೆಂಟರು. ಕಲಿಯೋಕೆ ಪುರುಸೊತ್ತು ಎಲ್ಲಿ? ಇಲ್ಲೇ ಕಲೀಲಿ. ಬಾಣಂತಿ ಒಲೆ ಮುಂದೆ ನಿಲ್ಲೋದು ಬೇಡ, ಕೂತು ನೋಡಲಿ. ನೀವು ಮಾಡಿ, ನಾನು ಹೇಳ್ತೀನಿ. ಮೂರೂ ಬೀಜದ ಕಾಫಿ ಸರಿಯಾಗಿ ಬಂದ ದಿನ ಟಿಕೆಟ್ ತೆಗೆಸೋಣ."

ನಾನು ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ಕಾಫಿ ಬರುವ ತನಕ ಟಿಕೆಟ್ ಇಲ್ಲ.

ಯಜಮಾನರು ಬಶಿಯಲ್ಲಿ ಚಹಾ ಸುರಿದುಕೊಳ್ಳುತ್ತಿದ್ದವರು ತಲೆ ಎತ್ತಿದರು. "ಈಕಿ ಕೈಯಾಗ ಕಾಫಿ ಬರೂತನಾ ಅಂದ್ರ, ಕೂಸು ಇಲ್ಲೇ ಕಾಲೇಜಿಗೆ ಹೋಗ್ತದ."

ಮೂವತ್ತು ವರ್ಷದ ಸಂಸಾರದಲ್ಲಿ ಅವರು ಆಡಿದ ಯಾವ ಮಾತೂ ನನಗೆ ಇಷ್ಟು ಸಿಹಿ ಅನಿಸಿರಲಿಲ್ಲ.

ಸರಿ, ಶುರುವಾಯಿತು. ನಾನು ಸ್ಟೋವಿನ ಮುಂದೆ. ಬಾಗಿಲ ಬಳಿ ಮಣೆಯ ಮೇಲೆ ಸುನಂದಾ, ಕಿವಿಗೆ ಬಟ್ಟೆ ಕಟ್ಟಿಕೊಂಡು. ಹೊರಗಿನ ಕೋಣೆಯಲ್ಲಿ ರತ್ನಮ್ಮನವರು, ತೊಡೆಯ ಮೇಲೆ ಕೂಸು. ಅಲ್ಲಿಂದಲೇ ಅವರ ಹುಕುಂ. "ಬಣ್ಣ ಬಂತಾ?" "ಬಂತ್ರಿ." "ಯಾವ ಬಣ್ಣ?" "ನಮ್ಮನಿಯವರ ಬಣ್ಣ." "ಹಾಗಾದ್ರೆ ಇನ್ನೂ ಸ್ವಲ್ಪ ಹುರೀರಿ."

ಹುರಿಯುವುದರಲ್ಲಿ ನಾನೇನು ಕಡಿಮೆಯೇ? ಶೇಂಗಾ ಹುರಿದ ಕೈ ಇದು. ರೊಟ್ಟಿ ಹಂಚಿನ ಮೇಲೆ ಬೀಜ ಹರಡಿ, ಶೇಂಗಾ ಹುರಿದ ಹಾಗೆಯೇ ಹುರಿದೆ. ಶೇಂಗಾ ಉಜ್ಜಿದ ಹಾಗೆಯೇ ಅಂಗೈಯಲ್ಲಿ ಉಜ್ಜಿ ಸಿಪ್ಪೆ ಊದಿದೆ. ಆಮೇಲೆ ಶೇಂಗಾ ಚಟ್ನಿ ಕುಟ್ಟುವ ಕಬ್ಬಿಣದ ಕುಟ್ಟಾಣಿಯಲ್ಲಿ ಹಾಕಿ ಕುಟ್ಟಿದೆ. ರತ್ನಮ್ಮನವರು ತಂದಿದ್ದ ಹಿತ್ತಾಳೆಯ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯಿತು. ಬಣ್ಣ ಚೆನ್ನಾಗಿತ್ತು. ರತ್ನಮ್ಮನವರು ಒಂದು ಗುಟುಕು ಕುಡಿದು ಲೋಟವನ್ನು ದೂರ ಹಿಡಿದರು.

"ಶಾಂತಮ್ಮ, ಬೆಳ್ಳುಳ್ಳಿ ಯಾಕೆ ಹಾಕಿದ್ರಿ?"

ಹಾಕಿರಲಿಲ್ಲ. ಕುಟ್ಟಾಣಿ ಹಾಕಿತ್ತು. ಎಷ್ಟೋ ವರ್ಷದ ಖಾರ, ಬೆಳ್ಳುಳ್ಳಿ ಕುಡಿದ ಕಬ್ಬಿಣ ಅದು. ಸೀಗೆಪುಡಿ ಹಾಕಿ ತೊಳೆದರೂ ಬಿಡುವ ಪೈಕಿ ಅಲ್ಲ.

"ಕಾಫಿ ಬೀಸೋ ಗಿರಣಿ ನನ್ನ ಬ್ಯಾಗಿನಲ್ಲೇ ಇತ್ತಲ್ಲ. ಕೇಳಬಾರದಾ?" ಎಂದರು. ನಾನು ಕೇಳಿರಲಿಲ್ಲ. ಒಂದು ದಿನ ಗೆದ್ದೆ ಎಂದು ಮನಸ್ಸಿನಲ್ಲೇ ಕೂಸಿಗೆ ದೃಷ್ಟಿ ತೆಗೆದೆ.

ಮರುದಿನ ಗಿರಣಿ ಬಂತು. ತೊಡೆಯ ನಡುವೆ ಸಿಕ್ಕಿಸಿಕೊಂಡು ಹಿಡಿಕೆ ತಿರುಗಿಸುವಂಥದು. ಪೀಬೆರಿ ಹಾಕಿ, ನುಣ್ಣಗಿದ್ದರೆ ಒಳ್ಳೆಯದಿರಬೇಕು ಎಂದು ಜೋಳದ ಹಿಟ್ಟಿನ ಹಾಗೆ ಬೀಸಿದೆ. ಹಿತ್ತಾಳೆಯ ಫಿಲ್ಟರಿನಲ್ಲಿ ತುಂಬಿ, ಒತ್ತಿ, ಬಿಸಿನೀರು ಸುರಿದೆ. ಕಾದೆವು. ಹನಿ ಇಲ್ಲ. ತಟ್ಟಿದೆ. ಅಲುಗಿಸಿದೆ. ಕಿವಿ ಇಟ್ಟು ಕೇಳಿದೆ. ಊಟದ ಹೊತ್ತಾಯಿತು, ಕೆಳಗಿನ ಪಾತ್ರೆ ಒಣಗಿದ ಬಾವಿ.

"ನುಣ್ಣಗಾದ್ರೆ ಕಟ್ಟಿಕೊಳ್ಳುತ್ತೆ" ಎಂದರು ಹೊರಗಿನಿಂದ. ಕೂಸಿಗೆ ಲಾಲಿ ಹೇಳುವ ರಾಗದಲ್ಲೇ ಅಂದರು.

ಮುಂದಿನ ಸಲ ರವೆಯ ಹಾಗೆ ತರಿ ತರಿ ಬೀಸಿದೆ. ನೀರು ಸುರಿದದ್ದೇ ತಡ, ಹೋದ ದಾರಿ ಗೊತ್ತಾಗದಂತೆ ಕೆಳಗೆ ಬಿತ್ತು. ಪುಡಿಯ ಗುರುತು ಕೂಡ ಹತ್ತಿಸಿಕೊಂಡಿರಲಿಲ್ಲ. ಯಜಮಾನರು ಕುಡಿದು, "ಚಹಾನೂ ಅಲ್ಲ, ನೀರೂ ಅಲ್ಲ. ಔಷಧ ಏನು?" ಎಂದರು.

ನುಣ್ಣಗೂ ಅಲ್ಲ, ತರಿಯೂ ಅಲ್ಲ ಎಂದು ನಡುವೆ ಬೀಸಿ ಪೀಬೆರಿ ದಾರಿಗೆ ಬರುವಷ್ಟರಲ್ಲಿ ಅರೇಬಿಕಾ ಹಠ ಹಿಡಿಯಿತು. ಕಪ್ಪಗೆ ಹುರಿದರೆ ಅದರ ಘಮ ಸತ್ತೇ ಹೋಗುತ್ತದಂತೆ. ನಾನು ಕೊಂದೆ. ಹೊಗೆ ಕಿಟಕಿ ದಾಟಿ, ಬಿಬವೇವಾಡಿಯ ನಮ್ಮ ಇಡೀ ಓಣಿಯನ್ನು ತುಂಬಿತು. ಮಾಲತಿ ವಹಿನಿ ಬಕೆಟ್ಟಿನಲ್ಲಿ ನೀರು ಹಿಡಿದು ಓಡಿಬಂದು, "ಕಾಯ್ ಪೇಟಲಂ?" ಎಂದಳು. ಏನು ಹೊತ್ತಿಕೊಂಡಿತು ಎಂದು ಕೇಳಿದ್ದು. ಕಾಫಿ ಎಂದೆ. ಕಾಫಿಗೆ ಇಷ್ಟು ಕಷ್ಟ ಯಾಕೆ, ಜಾಯಫಳ ಮುಗಿದಿದ್ದರೆ ನಾನು ಕೊಡುತ್ತೇನೆ ಎಂದು ಬಕೆಟ್ಟು ಕೆಳಗಿಟ್ಟಳು. ನಾನು ಆಕೆಯ ಬಾಯಿ ಮುಚ್ಚಿದೆ.

ಮತ್ತೆ ಎಳೆಯದಾಗಿ ಹುರಿದು ಫಿಲ್ಟರಿಗೆ ಹಾಕಿದೆವು. ಹುಳಿ. ಆಗ ರತ್ನಮ್ಮನವರಿಗೆ ಅವರ ಅಜ್ಜಿಯ ಕಾಲದ ರೀತಿ ನೆನಪಾಯಿತು. ಕುದಿಯುವ ನೀರಿಗೆ ಪುಡಿ ಹಾಕಿ, ಮುಚ್ಚಿಟ್ಟು, ಪುಡಿ ತಳ ಸೇರಿದ ಮೇಲೆ ಬಟ್ಟೆಯಲ್ಲಿ ಸೋಸುವುದು. ಕೂಸಿನ ಅಂಗಿಗೆ ತಂದಿದ್ದ ತೆಳು ಬಟ್ಟೆಯಲ್ಲಿ ಒಂದು ತುಂಡು ಕತ್ತರಿಸಿ ಚೀಲ ಹೊಲಿದೆ. ಓದುಗರೇ, ಆ ಬಟ್ಟೆಯಿಂದ ಇಳಿದ ಕಾಫಿಯ ವಾಸನೆಗೆ ನಾನು, ಚಹಾದ ಭಕ್ತೆ, ಸ್ಟೋವಿನ ಮುಂದೆ ಹಾಗೇ ನಿಂತುಬಿಟ್ಟೆ. ಇಷ್ಟು ದಿನ ನಾವು ಏನು ಕುಡಿಯುತ್ತಿದ್ದೆವು?

ಆದರೆ ಸಂತೋಷ ಪಡಲಿಕ್ಕೂ ಭಯ. ಎರಡು ಬೀಜ ಗೆದ್ದರೆ ಉಳಿದದ್ದು ಒಂದೇ. ತಿಂಗಳು ಇನ್ನೂ ಬೇಕಾದಷ್ಟು ಬಾಕಿ.

ಅಲ್ಲಿಂದ ನಾನು ಪ್ರಶ್ನೆ ಕೇಳಲು ಶುರುಮಾಡಿದೆ. "ಬೀಗತೇರ, ಪೀಬೆರಿನೂ ಬಟ್ಟೀಲೆ ಸೋಸಿದ್ರ ಹೆಂಗ?" "ಹಿತ್ತಾಳಿ ಬಿಟ್ಟು ಸ್ಟೀಲ್ ಫಿಲ್ಟರಿನಾಗ ಹೆಂಗ?" "ನಳದ ನೀರಿಗೂ ಬಾವಿ ನೀರಿಗೂ ಫರಕ ಇರ್ತದೇನ್ರಿ?" "ಎಮ್ಮಿ ಹಾಲಿಗೂ ಆಕಳ ಹಾಲಿಗೂ?"

ಪ್ರಶ್ನೆ ಕೇಳಿದರೆ ಯಾವ ಗುರುವಿಗೆ ಖುಷಿಯಾಗುವುದಿಲ್ಲ? ರತ್ನಮ್ಮನವರ ಕಣ್ಣು ಹೊಳೆಯುತ್ತಿತ್ತು. "ಅರೆ, ಇದನ್ನ ನಾನೂ ಮಾಡಿ ನೋಡಿಲ್ಲ. ಮಾಡಿ, ಮಾಡಿ" ಎನ್ನುತ್ತಿದ್ದರು. ಒಂದು ಪ್ರಶ್ನೆಗೆ ಒಂದು ದಿನ. ಬಾವಿ ನೀರಿನ ಪ್ರಶ್ನೆ ಮಾತ್ರ ಭಾರಿಯಾಯಿತು. ಯಜಮಾನರು ಕೊಡ ಹೊತ್ತು ತರಬೇಕಾಯಿತು. "ಚಹಾ ಇದ್ದಾಗ ಈ ಮನ್ಯಾಗ ಸುಖ ಇತ್ತು" ಎಂದು ಮೆಟ್ಟಿಲು ಮೆಟ್ಟಿಲಿಗೂ ಹೇಳುತ್ತ ಬಂದರು.

ರೋಬಸ್ಟಾದ ಸರದಿಯಲ್ಲಿ ಒಂದು ದೊಡ್ಡ ಅನಾಹುತವೇ ಆಯಿತು. ಅದರ ಒರಟುತನಕ್ಕೆ ಸಕ್ಕರೆಗಿಂತ ಬೆಲ್ಲ ಸರಿ ಎಂದರು ರತ್ನಮ್ಮನವರು. ಬೆಲ್ಲ ಎಂದ ಮೇಲೆ ನಮ್ಮ ಕಡೆಯವರಿಗೆ ಹೇಳಿಕೊಡಬೇಕೇ? ಹಾಲಿಗೆ ಡಿಕಾಕ್ಷನ್ನು, ಬೆಲ್ಲ ಎಲ್ಲ ಒಟ್ಟಿಗೆ ಹಾಕಿ ಕುದಿಸಿದೆ. ಒಡೆದು ಚೂರು ಚೂರು. "ಬೆಲ್ಲದ ಕಾಫಿಗೆ ಹಾಲು ಯಾಕೆ ಹಾಕಿದ್ರಿ? ಅದನ್ನ ಕಪ್ಪಗೇ ಕುಡಿಯೋದು" ಎಂದು ರತ್ನಮ್ಮನವರು ಹಣೆ ಚಚ್ಚಿಕೊಂಡರು. ನಾನು ಬಟ್ಟೆಯಲ್ಲಿ ಸೋಸಿ, ಗಟ್ಟಿ ಉಳಿದದ್ದಕ್ಕೆ ಏಲಕ್ಕಿ ಹಾಕಿ ಬಟ್ಟಲಿನಲ್ಲಿಟ್ಟೆ. ಯಜಮಾನರು ತಿಂದು, "ಇದೊಂದು ಚಲೋ ಆಗೇದ ನೋಡು" ಎಂದರು.

ಹೀಗೆ ಸುಖವಾಗಿ ನಡೆದಿತ್ತು. ತಿಂಗಳು ಮುಗಿಯಲು ಇನ್ನು ಕೆಲವೇ ದಿನ. ಆವತ್ತು ಬೆಳಿಗ್ಗೆ ನಾನು ಹಾಲು ಉಕ್ಕದಂತೆ ಕಾಯುತ್ತ ನಿಂತಿದ್ದೆ. ಹೊರಗಿನಿಂದ ಒಂದು ಸದ್ದು ಬಂತು. ತುಂಬಿದ ತಂಬಿಗೆ ಬಗ್ಗಿಸಿದರೆ ನೀರು ಗುಳುಗುಳು ಅನ್ನುತ್ತದಲ್ಲ, ಅಂಥದು.

"ನಕ್ಕ" ಎಂದರು ರತ್ನಮ್ಮನವರು. "ಗಟ್ಟಿಯಾಗಿ, ಬಾಯಿಬಿಟ್ಟು ನಕ್ಕ. ಮೊದಲನೇ ಸಲ. ನೀವು ನೋಡಲಿಲ್ವಾ ಶಾಂತಮ್ಮ?"

ಇಷ್ಟು ದಿನ ಸುಮ್ಮನೆ ತುಟಿ ಅರಳಿಸುತ್ತಿದ್ದ ಹುಡುಗ. ನಾನು ಓಡಿದೆ. ಹಿಂದೆ ಹಾಲು ಉಕ್ಕಿತು, ಸ್ಟೋವು ಆರಿತು. ನಾನು ಹೋಗುವಷ್ಟರಲ್ಲಿ ಅವನಿಗೆ ಬಿಕ್ಕಳಿಕೆ. ನಾನು ಚಪ್ಪಾಳೆ ತಟ್ಟಿದೆ, ನಾಲಿಗೆ ಹೊರಗೆ ಹಾಕಿದೆ. ಯಜಮಾನರು ಟೋಪಿ ತಿರುಗುಮುರುಗು ಹಾಕಿಕೊಂಡು ಬಂದರು. ಅವನು ನಮ್ಮಿಬ್ಬರನ್ನೂ ಒಮ್ಮೆ ನೋಡಿ ಮುಖ ತಿರುಗಿಸಿ, ರತ್ನಮ್ಮನವರ ಸೆರಗು ಬಾಯಿಗೆ ಹಾಕಿಕೊಂಡ.

ಆಗ ನನಗೆ ಬೆಳಕಾಯಿತು. ದಿನಗಳನ್ನು ಗೆದ್ದವಳು ನಾನು. ಆ ದಿನಗಳೆಲ್ಲ ಹೋದದ್ದು ಯಾರ ತೊಡೆಯ ಮೇಲೆ? ಕೂಸು ಇರಲಿ ಎಂದು ನಾನು ಹೊಗೆಯಲ್ಲಿ ಕಣ್ಣು ಒರೆಸಿಕೊಂಡೆ, ಕೂಸನ್ನು ಆಡಿಸಿದವರು ಅವರು. ಮುಖ ತಿಳಿಯುವ ವಯಸ್ಸಿಗೆ ಬಂದ ಹುಡುಗನಿಗೆ ನನ್ನ ಮುಖವೇ ಹೆಚ್ಚು ಗೊತ್ತಿಲ್ಲ. ಬೆನ್ನು ಗೊತ್ತಿರಬಹುದು.

"ಬೀಗತೇರ" ಎಂದೆ, "ಇವತ್ತಿಂದ ಕಾಫಿ ನೀವು ಮಾಡ್ರಿ. ಕೂಸು ನನ್ನ ಕಡೆ ಕೊಡ್ರಿ."

"ನನಗೆ ಮಂಡಿನೋವು. ನಿಂತು ಮಾಡೋಕೆ ಆಗಲ್ಲ."

"ಅವನ್ನ ಎತಗೊಂಡು ಮನೀ ತುಂಬ ಅಡ್ಡಾಡೂವಾಗ ಮಂಡಿ ನೋಯೂದಿಲ್ಲೇನ್ರಿ?"

"ಮಗು ಹಗುರ."

"ಫಿಲ್ಟರ್ ಅದಕಿಂತ ಹಗರ ಅದ."

ರತ್ನಮ್ಮನವರು ಕೂಸಿನ ಕುಲಾವಿ ಸರಿಮಾಡಿದರು. ಆಮೇಲೆ ಮೆಲ್ಲಗೆ ಅಂದರು: "ಅಲ್ಲಿಗೆ ಹೋದ್ರೆ ನಮ್ಮ ಅತ್ತೆ ಇದಾರೆ, ಮೂರು ಜನ ನಾದಿನಿಯರು ಇದಾರೆ. ಯಾರ ಕೈಯಿಂದ ಇಸ್ಕೊಳ್ಳಲಿ? ನನ್ನ ಸರದಿ ಬರೋದು ರಾತ್ರಿ ಇವನು ಅಳುವಾಗ ಮಾತ್ರ. ಇಲ್ಲಾದ್ರೆ ದಿನವೆಲ್ಲ ನನ್ನ ಹತ್ರ ಇರ್ತಾನೆ."

ಪಾಪ ಅನಿಸಿತು. ಆದರೂ ಕೈ ಚಾಚಿಕೊಂಡೇ ಇದ್ದೆ. ಕೊನೆಗೆ ಕೂಸನ್ನು ಅವರ ಕೈಯಲ್ಲೂ ಬೇಡ, ನನ್ನ ಕೈಯಲ್ಲೂ ಬೇಡ ಎಂದು ತೊಟ್ಟಿಲಲ್ಲಿ ಹಾಕಿದೆವು. ಆ ಕಡೆ ಅವರು, ಈ ಕಡೆ ನಾನು. ಅವರು ತಮ್ಮ ಕಡೆ ತೂಗಿದರು. ನಾನು ನನ್ನ ಕಡೆ ಎಳೆದೆ. ಅವರು ಇನ್ನೊಂಚೂರು ಜೋರಾಗಿ. ನಾನೂ ಬಿಡಲಿಲ್ಲ. ಮಾತಿಲ್ಲ, ಬರೀ ಎಳೆದಾಟ.

ತೊಟ್ಟಿಲೊಳಗಿಂದ ಮತ್ತೆ ಆ ಸದ್ದು. ಗುಳುಗುಳು.

ಬಗ್ಗಿ ನೋಡಿದೆ. ಅವರ ಕಡೆ ಹೋದಾಗ ಅವರ ಮುಖ ನೋಡಿ ನಗುತ್ತಾನೆ, ನನ್ನ ಕಡೆ ಬಂದಾಗ ನನ್ನ ಮುಖ ನೋಡಿ ನಗುತ್ತಾನೆ. ಬೊಚ್ಚು ಬಾಯಿ ಪೂರ್ತಿ ತೆರೆದು, ಹೊಟ್ಟೆ ಕುಲುಕಿಸಿ. ನನ್ನ ಮುಖ ನೋಡಿಯೂ ನಕ್ಕ, ಓದುಗರೇ. ನನ್ನದೇ. ನಾನು ಅತ್ತೆನೋ ನಕ್ಕೆನೋ ನನಗೆ ತಿಳಿಯದು. ರತ್ನಮ್ಮನವರೂ ಕಣ್ಣು ಒರೆಸಿಕೊಂಡರು. ಹೊಗೆ ಇಲ್ಲದ ಕೋಣೆಯಲ್ಲಿ.

ಜಗಳ ಎಲ್ಲಿ ಹೋಯಿತೋ. ಇಬ್ಬರೂ ತೂಗುತ್ತಲೇ ಕೂತೆವು. ಅಡುಗೆಮನೆಯ ನೆನಪು ಯಾರಿಗೆ?

ಅಷ್ಟರಲ್ಲಿ ಘಮ ಬಂತು. ಮೊದಲು ತೆಳುವಾಗಿ, ಆಮೇಲೆ ಕೋಣೆ ತುಂಬ. ಸುನಂದಾ ಲೋಟಗಳನ್ನು ಹಿಡಿದುಕೊಂಡು ಬಂದಳು. "ನೀವಿಬ್ಬರೂ ಏಳಲಿಲ್ಲ. ಅದಕ್ಕ ನಾನೇ ಮಾಡೀನಿ. ಮೂರೂ ಮಾಡೀನಿ."

ಮೂರೂ. ಫಿಲ್ಟರಿನ ಪೀಬೆರಿ, ಬಟ್ಟೆಯ ಅರೇಬಿಕಾ, ಬೆಲ್ಲದ ಕಪ್ಪು ರೋಬಸ್ಟಾ. ನಾನು ಒಂದೊಂದು ಗುಟುಕು ಕುಡಿದೆ. ಏನು ಹೇಳಲಿ? ಒಂದಕ್ಕಿಂತ ಒಂದು. ಹುಳಿ ಇಲ್ಲ, ಹೊಗೆ ಇಲ್ಲ, ಬೆಳ್ಳುಳ್ಳಿಯಂತೂ ಇಲ್ಲವೇ ಇಲ್ಲ.

"ಯಾವಾಗ ಕಲ್ತಿ?" ಎಂದು ಅವಳ ಕಿವಿಯಲ್ಲಿ ಕೇಳಿದೆ.

"ನಿನ್ನ ಬೆಲ್ಲದ ಹಾಲು ಒಡೆದ ದಿನಾನ" ಎಂದಳು. "ಹೇಳಿದ್ರ ಟಿಕೆಟ್ ತೆಗಸ್ತಿದ್ರಲ್ಲವ್ವಾ."

ನಾನು ರತ್ನಮ್ಮನವರ ಮುಖ ನೋಡಿದೆ. ಅವರು ಮೂರು ಲೋಟವನ್ನೂ ಒಂದಾದ ಮೇಲೊಂದು ಎತ್ತಿ, ನಿಧಾನವಾಗಿ, ತಳದ ಹನಿಯ ತನಕ ಕುಡಿಯುತ್ತಿದ್ದರು. ತಿಂಗಳು ಮುಗಿಯಲು ದಿನ ಇನ್ನೂ ಇವೆ. ರೈಲು ದಿನಾ ಇದೆ. ಕೊಟ್ಟ ಮಾತು ಮಾತೇ.

ಕೊನೆಯ ಲೋಟ ಕೆಳಗಿಟ್ಟರು. ತೊಟ್ಟಿಲಿನ ಕಡೆ ನೋಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಯಾಕೋ ಸ್ವಲ್ಪ ಕಹಿ ಅಲ್ವಾ, ಶಾಂತಮ್ಮ?"

"ಸ್ವಲ್ಪ ಏನ್ರಿ" ಎಂದೆ. "ಭಾಳ ಕಹಿ ಆಗೇದ."

"ಇನ್ನೂ ಕಲೀಬೇಕು."

"ಕಲೀಬೇಕ್ರಿ. ಅವಸರ ಏನದ? ಐದನೇ ತಿಂಗಳಾಗ ನೋಡೋಣಂತ."

ಯಜಮಾನರಿಗೆ ಇದ್ಯಾವುದೂ ತಿಳಿಯಲಿಲ್ಲ. ಖಾಲಿ ಲೋಟ ಮುಂದೆ ಚಾಚಿ, "ಬೆಸ್ಟ್ ಆಗೇದಲ್ಲ, ಇನ್ನೊಂದೀಟು ಹಾಕವ್ವಾ" ಎಂದರು. ನಾವು ಮೂವರೂ ಒಟ್ಟಿಗೆ ತಿರುಗಿ ನೋಡಿದ ನೋಟಕ್ಕೆ, ಪೇಪರನ್ನು ಮುಖದ ಮುಂದೆ ಹಿಡಿದುಕೊಂಡರು.

ನೀವೇ ಹೇಳಿ, ಅಷ್ಟು ಚೆಂದದ ಕಾಫಿಯನ್ನು ಅಷ್ಟು ಸಂತೋಷದಿಂದ ಇನ್ಯಾರಾದರೂ ಕಹಿ ಎಂದಿದ್ದಾರೆಯೇ?